ಮಂಗಳೂರಿನ ಡಿಪ್ರೆಸ್ಡ್ ಕ್ಲಾಸಸ್ ಮಿಷನ್: ಒಂದು ಸಂಸ್ಥೆ ಬೆಳೆದ ಬಗೆ

1

ಹತ್ತೊಂಬತ್ತನೆಯ ಶತಮಾನದ ಸಮಾಜಸುಧಾರಣೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ವಿಷಯಗಳಿಗೆ ಹೆಚ್ಚಿನ ಗಮನ ಕೊಡುವುದುಂಟು: ಸುಧಾರಕರ ವಿಚಾರಗಳು ಒಂದು, ಸರಕಾರದ ಶಾಸನಗಳು ಮತ್ತೊಂದು. ಇವೆರಡರ ನಡುವೆ ಮೂರನೆಯ ವಿಷಯವೊಂದಿದೆ. ಒಂದು ವಿಚಾರವು ನೆಲಕ್ಕಿಳಿದು, ಮನೆ ಮಠ ಹುಡುಕಿಕೊಂಡು, ಹಣ ಕೂಡಿಸಿಕೊಂಡು, ವರ್ಷದಿಂದ ವರ್ಷಕ್ಕೆ ನಡೆಯುವ ಸಂಸ್ಥೆಯಾಗಿ ನಿಲ್ಲಲು ಬೇಕಾದ ದುಡಿಮೆ ಅದು. ಈ ದುಡಿಮೆಯ ವಿವರಗಳು ಸಣ್ಣವಾಗಿ ತೋರುವುದರಿಂದ ನಮ್ಮ ಇತಿಹಾಸಗ್ರಂಥಗಳಲ್ಲಿ ಅವಕ್ಕೆ ದೊರೆತಿರುವ ಸ್ಥಳವೂ ಸಣ್ಣದು. ಪ್ರಸ್ತುತ ಲೇಖನದಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನಿನ ಆರಂಭದ ದಶಕಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಲು ನಾವು ಪ್ರಯತ್ನಿಸಿದ್ದೇವೆ.

ರಂಗರಾಯರ ದಯೆಯನ್ನೂ ಧೈರ್ಯವನ್ನೂ ಹೊಗಳಿದವರು ಅನೇಕರಿದ್ದಾರೆ. ಆ ಹೊಗಳಿಕೆ ಯುಕ್ತವೇ ಆಗಿದೆ. ಆದರೆ ದಯೆ ಮತ್ತು ಧೈರ್ಯಗಳಿಂದ ಒಂದು ಶಾಲೆಯನ್ನು ತೆರೆಯಬಹುದು. ಮೂವತ್ತೈದು ವರ್ಷಗಳ ಕಾಲ ಒಂದು ಸಂಸ್ಥೆಯನ್ನು ಬೆಳೆಸಲು ಅವೆರಡೇ ಸಾಲವು. ಎದುರಾದ ಪ್ರತಿಯೊಂದು ಅಡ್ಡಿಯಿಂದಲೂ ಪಾಠ ಕಲಿತು ಸಂಸ್ಥೆಯ ಸ್ವರೂಪವನ್ನೇ ಬದಲಾಯಿಸಿಕೊಳ್ಳುತ್ತ ಹೋದುದರಲ್ಲಿ ಅವರ ಛಲದ ನಿಜವಾದ ಲಕ್ಷಣವಿದೆ ಎಂಬುದು ನಮ್ಮ ಅಭಿಪ್ರಾಯ.

2

ಮೊದಲು ಹಿನ್ನೆಲೆಯನ್ನು ಸಂಕ್ಷೇಪವಾಗಿ ನೋಡೋಣ. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರಕಾರಿ ಶಾಲೆಯಲ್ಲಿ ತನಗೆ ಪ್ರವೇಶ ದೊರೆಯಲಿಲ್ಲವೆಂದು ಮಹಾರ್ ಜಾತಿಯ ಬಾಲಕನೊಬ್ಬನು ಮುಂಬಯಿ ಸರಕಾರಕ್ಕೆ ಅರ್ಜಿ ಸಲ್ಲಿಸಿದನು. ಒಬ್ಬ ಬಾಲಕನ ಸಲುವಾಗಿ ಉಳಿದವರೆಲ್ಲ ಶಾಲೆ ಬಿಟ್ಟರೆ ಗತಿಯೇನೆಂದು ಅಂಜಿದ ಸರಕಾರವು ಅರ್ಜಿಯನ್ನು ಮನ್ನಿಸಲಿಲ್ಲ. ವಿಷಯವು ಕಲಕತ್ತೆಗೂ ಅಲ್ಲಿಂದ ಲಂಡನ್ನಿಗೂ ಹೋಯಿತು. ಸರಕಾರದ ಶಾಲೆಗಳು ಎಲ್ಲ ವರ್ಗದ ಪ್ರಜೆಗಳಿಗಾಗಿ ಇರತಕ್ಕವು ಎಂದು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು 1858ರಲ್ಲಿ ಸ್ಪಷ್ಟಪಡಿಸಿದರು. 1882ರ ಹಂಟರ್ ಆಯೋಗವು ಇದೇ ತತ್ತ್ವವನ್ನು ಎತ್ತಿಹಿಡಿಯಿತು. ದಕ್ಷಿಣ ಕನ್ನಡವು ಸೇರಿದ್ದ ಮದರಾಸು ಪ್ರಾಂತದಲ್ಲಿ, ಪಂಚಮರೆಂದು ಆಗ ಕರೆಯಲಾಗುತ್ತಿದ್ದ ವರ್ಗಗಳ ಶಿಕ್ಷಣಕ್ಕೆ ಪ್ರತ್ಯೇಕ ಶಾಲೆ, ಶಿಕ್ಷಕರ ತರಬೇತಿ, ಹೆಚ್ಚಿನ ಸಹಾಯಧನ ಮುಂತಾದ ಅನುಕೂಲಗಳನ್ನು ಕಲ್ಪಿಸುವ ಆಜ್ಞೆ 1893ರಲ್ಲಿ ಹೊರಟಿತು.

ಹೀಗೆ ಕಾಗದದ ಮೇಲೆ ಬಾಗಿಲು ತೆರೆದಿತ್ತು. ಆ ಬಾಗಿಲಿನವರೆಗೆ ನಡೆದುಬರಲು ಮಗುವಿಗೆ ದಾರಿಯಿತ್ತೇ ಎಂಬುದು ಬೇರೆ ಪ್ರಶ್ನೆ. ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು 1843ರ ಶಾಸನವು ತೆಗೆದುಹಾಕಿದ್ದರೂ, ತುಳುನಾಡಿನ ಗದ್ದೆಬಯಲುಗಳಲ್ಲಿ ಮೂಲದಾಳುಗಳ ಪದ್ಧತಿ ಮುಂದುವರಿದಿತ್ತು. ಧಣಿಯ ಭೂಮಿಗೆ ಕಟ್ಟುಬಿದ್ದ ಈ ಕುಟುಂಬಗಳಿಗೆ ಧಣಿ ಕೊಟ್ಟ ಕಡೆಯೇ ಬಿಡಾರ, ಅವನ ಅಂಗಳದಿಂದ ಬಂದದ್ದೇ ಊಟ. ದನ ಕಾಯುವ ವಯಸ್ಸು ಬರುತ್ತಲೇ ಮಗುವೂ ಆಳಾಗುತ್ತಿತ್ತು. ಕೊರಗರ ಸ್ಥಿತಿ ಇದಕ್ಕಿಂತಲೂ ಶೋಚನೀಯವಾಗಿತ್ತು. ಅವರನ್ನು ಅವಮಾನಕ್ಕೆ ಗುರಿಮಾಡುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕದಲ್ಲಿ 2000ನೆಯ ಇಸವಿಯಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತೆಂಬುದನ್ನು ನೆನೆದರೆ, ಅದಕ್ಕೆ ನೂರು ವರ್ಷಗಳ ಹಿಂದಿನ ಪರಿಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಬಹುದು.

ಈ ಜಿಲ್ಲೆಯಲ್ಲಿ ಪರಿವರ್ತನೆಯ ಗಾಳಿ ಬೀಸಿರಲಿಲ್ಲವೆಂದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಶಾಲೆಗಳ ಜೊತೆಗೆ ಮುದ್ರಣ, ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನೂ ನಡೆಸಿ, ವಿದ್ಯೆಗೂ ಕೈಕಸಬಿಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟಿದ್ದರು. 1870ರಲ್ಲಿ ಬ್ರಹ್ಮಸಮಾಜದ ಪ್ರಚಾರಕರು ಇಲ್ಲಿಗೆ ಬಂದರು. ಬಿಲ್ಲವರ ಮುಖಂಡರಾದ ಅರಸಪ್ಪನವರ ಆಸಕ್ತಿಯೂ ಉಳ್ಳಾಲ ರಘುನಾಥಯ್ಯನವರ ನಾಯಕತ್ವವೂ ಆ ಸಮಾಜಕ್ಕೆ ಇಲ್ಲಿ ನೆಲೆಯೊದಗಿಸಿದವು. ಈ ವಾತಾವರಣದಲ್ಲಿಯೇ ರಂಗರಾಯರ ಮನಸ್ಸು ಹದಗೊಂಡಿತು.

3

ರಂಗರಾಯರು 1859ರ ಜೂನ್ 29ರಂದು ಕಾಸರಗೋಡು ಸೀಮೆಯ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದು, ಅಲ್ಪ ಸಂಬಳದ ಶಿಕ್ಷಕವೃತ್ತಿಯಿಂದ ಜೀವನವನ್ನು ಆರಂಭಿಸಿದರು. ಅನಂತರ ಪರೀಕ್ಷೆಗೆ ಕುಳಿತು ಪ್ಲೀಡರಾದರು. ಬಡತನದ ಅನುಭವವೂ, ಪಾಠ ಹೇಳಿದ ಅಭ್ಯಾಸವೂ, ನ್ಯಾಯಾಲಯದ ವ್ಯವಹಾರಜ್ಞಾನವೂ ಒಬ್ಬರಲ್ಲೇ ಕೂಡಿದ್ದವೆಂಬುದನ್ನು ನಾವು ಇಲ್ಲಿ ಗುರುತಿಸಬೇಕು. ಮುಂದೆ ಸಂಸ್ಥೆಯನ್ನು ಕಟ್ಟುವಾಗ ಈ ಮೂರೂ ಉಪಯೋಗಕ್ಕೆ ಬಂದವು.

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಅವರು ಮೊದಲ ಶಾಲೆಯನ್ನು ತೆರೆದರು. ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಹೆಸರಿನಿಂದ ಸಂಸ್ಥೆಯು ಸ್ಥಾಪನೆಯಾದದ್ದು 1897ರಲ್ಲಿ. ಈ ಎರಡು ತೇದಿಗಳ ನಡುವಣ ಐದು ವರ್ಷಗಳು ನಮ್ಮ ಪಾಲಿಗೆ ಮಹತ್ತ್ವದವು. ಮೊದಲು ನಿಯಮಾವಳಿಯನ್ನು ಬರೆದು ಆಮೇಲೆ ಕೆಲಸವನ್ನು ಹುಡುಕುವುದು ಅನೇಕ ಮಂಡಳಿಗಳ ರೂಢಿ. ಇಲ್ಲಿ ಕೆಲಸವೇ ಮೊದಲು ನಡೆದು, ಆ ಕೆಲಸದ ಕಷ್ಟಗಳೇ ಸಂಸ್ಥೆಯನ್ನು ಅನಿವಾರ್ಯಗೊಳಿಸಿದವು.

ಕಷ್ಟಗಳಾದರೂ ಎಂಥವು? ಶಾಲೆಗೆ ಬಾಡಿಗೆಯ ಕಟ್ಟಡ ದೊರೆಯುವುದೇ ದುರ್ಲಭವಾಗಿತ್ತು. ದೊರೆತರೂ ನೆರೆಹೊರೆಯವರ ವಿರೋಧದಿಂದ ಬಿಡಬೇಕಾಗುತ್ತಿತ್ತು. ಸವರ್ಣ ಹಿಂದುಗಳಲ್ಲಿ ಪಾಠ ಹೇಳಲು ಒಪ್ಪುವವರಿರಲಿಲ್ಲ. ಶಾಲೆಗೆ ಹೋಗಿಬರುವವರ ಮೇಲೆ ಕಲ್ಲು ಬೀಳುತ್ತಿತ್ತು. ಸ್ವಜಾತಿಯವರು ರಂಗರಾಯರಿಗೆ ಬಹಿಷ್ಕಾರ ಹಾಕಿದರು. ಕ್ಷೌರಿಕನೂ ಅವರ ಮನೆಯ ಮೆಟ್ಟಿಲು ಹತ್ತದಂತಾಯಿತು. ಊರಿನಲ್ಲಿ ವೃತ್ತಿ ನಡೆಸಬೇಕಾದ ಪ್ಲೀಡರೊಬ್ಬರಿಗೆ ಇದು ಕೇವಲ ಮಾನಾಪಮಾನಗಳ ಪ್ರಶ್ನೆಯಾಗಿರದೆ ಹೊಟ್ಟೆಯ ಪ್ರಶ್ನೆಯೂ ಆಗಿತ್ತೆಂಬುದನ್ನು ಮರೆಯಬಾರದು.

4

ಈ ಅಡ್ಡಿಗಳಿಗೆ ರಂಗರಾಯರು ಕೊಟ್ಟ ಉತ್ತರಗಳನ್ನು ಒಂದೊಂದಾಗಿ ನೋಡಿದರೆ ಸಂಸ್ಥೆಯು ಬೆಳೆದ ಬಗೆ ಸ್ಪಷ್ಟವಾಗುತ್ತದೆ.

ಸ್ವಧರ್ಮದ ಶಿಕ್ಷಕರು ಬಾರದಿದ್ದಾಗ ಅವರು ಕ್ರೈಸ್ತ ಶಿಕ್ಷಕರನ್ನು ನೇಮಿಸಿಕೊಂಡರು. ಹಿಂದೂ ಸಮಾಜದ ಸುಧಾರಣೆಗೆಂದು ಹೊರಟ ಬ್ರಹ್ಮಸಮಾಜಿಯೊಬ್ಬರು ಹೀಗೆ ಮಾಡಿದುದು ಆ ಕಾಲದ ಮತೀಯ ಸ್ಪರ್ಧೆಯ ನಡುವೆ ಸಾಮಾನ್ಯ ಸಂಗತಿಯಲ್ಲ. ಪಾಠ ನಿಲ್ಲಬಾರದೆಂಬುದೇ ಅವರಿಗೆ ಮುಖ್ಯವಾಗಿತ್ತು.

ಬಾಡಿಗೆಯ ಕಟ್ಟಡಗಳಿಂದ ಎಬ್ಬಿಸಲ್ಪಟ್ಟ ಶಾಲೆಯು ಚಿಲಿಂಬಿಯಿಂದ ಕಂಕನಾಡಿಗೆ, ಕೊನೆಗೆ ಕೋಡಿಯಾಲಬೈಲಿನ ಶೇಡಿಗುಡ್ಡೆಗೆ ಸ್ಥಳಾಂತರ ಹೊಂದಿತು. ಸ್ವಂತ ನೆಲವಿಲ್ಲದ ಶಾಲೆ ಪರರ ದಾಕ್ಷಿಣ್ಯದಲ್ಲಿ ಇರತಕ್ಕದ್ದು ಎಂಬ ಅರಿವು ಈ ಅಲೆದಾಟದ ಫಲ. ಶೇಡಿಗುಡ್ಡೆಯಲ್ಲಿ ನೆಲ ದೊರೆತ ಮೇಲೆಯೇ ಮಿಷನ್ನಿಗೆ ಸ್ಥಿರವಾದ ಕೇಂದ್ರವುಂಟಾಯಿತು. ಅತ್ತಾವರ, ಬೋಳೂರು, ಮೂಲ್ಕಿ, ಉಡುಪಿ ಮುಂತಾದ ಕಡೆಗಳಲ್ಲಿಯೂ ಕ್ರಮೇಣ ಶಾಲೆಗಳು ಆರಂಭವಾದವು.

ಮಕ್ಕಳು ಶಾಲೆಗೆ ಬಂದರೂ ನಿಲ್ಲುತ್ತಿರಲಿಲ್ಲ. ಕಾರಣ ಸರಳವಾದುದು. ದನ ಕಾಯಲು ಹೋದರೆ ಮಗುವಿಗೆ ಧಣಿಯ ಮನೆಯಿಂದ ಗಂಜಿ ದೊರೆಯುತ್ತಿತ್ತು. ಶಾಲೆಗೆ ಬಂದರೆ ಆ ಗಂಜಿಗೂ ಸಂಚಕಾರ. ರಂಗರಾಯರು ಶಾಲೆಯಲ್ಲಿಯೇ ಮಧ್ಯಾಹ್ನದ ಊಟದ ಏರ್ಪಾಡು ಮಾಡಿದರು. ಮಗುವನ್ನು ಕಳುಹಿಸುವುದರಿಂದ ಬಡ ತಂದೆತಾಯಿಗಳಿಗೆ ಆಗುವ ನಷ್ಟವನ್ನು ತುಂಬಲು ಹಾಜರಾದ ಮಕ್ಕಳಿಗೆ ದಿನವೂ ಎರಡು ಪೈಸೆ ಕೊಡುವ ಪದ್ಧತಿಯನ್ನೂ ಇಟ್ಟರೆಂದು ಹೇಳುತ್ತಾರೆ. ಮದರಾಸಿನ ಕಾರ್ಪೊರೇಷನ್ನು 1920ರಲ್ಲಿ ಪಿ. ತ್ಯಾಗರಾಯ ಚೆಟ್ಟಿಯವರ ಆಡಳಿತದಲ್ಲಿ ತನ್ನ ಶಾಲೆಯೊಂದರಲ್ಲಿ ಊಟ ಹಾಕಲು ತೊಡಗಿದ್ದು ಸುಪ್ರಸಿದ್ಧ. ಹಸಿದ ಮಗುವಿಗೆ ಅಕ್ಷರ ಹತ್ತಲಾರದೆಂಬ ಸತ್ಯವನ್ನು ಮಂಗಳೂರಿನ ಈ ಬಡಶಾಲೆಗಳು ಸರಕಾರದ ಯಾವ ಯೋಜನೆಯ ಆಸರೆಯೂ ಇಲ್ಲದೆ ತಮ್ಮ ಅನುಭವದಿಂದಲೇ ಕಂಡುಕೊಂಡಿದ್ದವು.

ಊಟವಾದ ಮೇಲೆ ಮತ್ತೊಂದು ತೊಡಕು. ಓದಿದ ಹುಡುಗ ಸಂಜೆ ಮರಳಬೇಕಾದದ್ದು ಧಣಿಯ ನೆಲದ ಮೇಲಿನ ಗುಡಿಸಲಿಗೇ. ಧಣಿ ಮುನಿದರೆ ಕುಟುಂಬವೇ ಬೀದಿಪಾಲು. ಆದಕಾರಣ ದಲಿತ ಕುಟುಂಬಗಳಿಗೆ ಭೂಮಿಯನ್ನು ದೊರಕಿಸಿ ಮನೆ ಕಟ್ಟಿಸುವ ಕೆಲಸಕ್ಕೆ ಮಿಷನ್ನು ಕೈಹಾಕಿತು. ಭೂದಾಖಲೆಗಳ ವ್ಯವಹಾರ ಬಲ್ಲ ಪ್ಲೀಡರರ ಜ್ಞಾನ ಇಲ್ಲಿ ನೆರವಾಗಿರಬೇಕು. ಶಾಲೆ ಮುಗಿಸಿದ ತರುಣರು ಮತ್ತೆ ಕೂಲಿಗೇ ಮರಳಬಾರದೆಂದು ನೇಯ್ಗೆ, ಮರಗೆಲಸಗಳ ತರಬೇತಿ ಏರ್ಪಟ್ಟಿತು. ದೂರದ ಹುಡುಗರಿಗೆ ವಿದ್ಯಾರ್ಥಿನಿಲಯವಾಯಿತು. ಕೊನೆಗೆ, ತಮ್ಮ ಅಹವಾಲನ್ನು ತಾವೇ ಹೇಳಿಕೊಳ್ಳುವವರು ಬೇಕೆಂಬ ಭಾವನೆಯಿಂದ, ಸ್ಥಳೀಯ ಆಡಳಿತ ಸಂಸ್ಥೆಗಳಿಗೆ ದಲಿತ ಸದಸ್ಯರು ನೇಮಕಗೊಳ್ಳಬೇಕೆಂದು ರಂಗರಾಯರು ಶ್ರಮಿಸಿದರು.

ಶಾಲೆ, ಊಟ, ನೆಲ, ಮನೆ, ಕಸಬು, ವಿದ್ಯಾರ್ಥಿನಿಲಯ, ಪ್ರಾತಿನಿಧ್ಯ: ಇವುಗಳೆಲ್ಲವನ್ನೂ ಒಳಗೊಂಡ ಯೋಜನೆಯೊಂದು 1892ರಲ್ಲಿಯೇ ಸಿದ್ಧವಾಗಿತ್ತೆಂದು ಭಾವಿಸಲು ನಮಗೆ ಕಾರಣ ಕಾಣುವುದಿಲ್ಲ. ಒಂದರಲ್ಲಿ ಸೋತಾಗ ಮತ್ತೊಂದರ ಅವಶ್ಯಕತೆ ಗೋಚರವಾಯಿತೆಂದು ತಿಳಿಯುವುದೇ ಹೆಚ್ಚು ಸಮಂಜಸ.

5

ಇದೇ ಕಾಲದ ಮತ್ತೊಂದು ಪ್ರಯತ್ನದೊಡನೆ ಇದನ್ನು ಹೋಲಿಸಬಹುದು. 1906ರ ಅಕ್ಟೋಬರ್ 18ರಂದು ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಇದೇ ಹೆಸರಿನ ಮಂಡಳಿಯನ್ನು ಆರಂಭಿಸಿದರು. ಶಿಂದೆಯವರು ಹುಟ್ಟಿದ್ದು ನಮ್ಮ ಜಮಖಂಡಿಯಲ್ಲಿ. ಆ ಮಂಡಳಿಯ ಅಧ್ಯಕ್ಷರಾದ ಸರ್ ನಾರಾಯಣ ಚಂದಾವರಕರರು ಹುಟ್ಟಿದ್ದು ಹೊನ್ನಾವರದಲ್ಲಿ. ಮುಂಬಯಿಯ ಮಂಡಳಿಗೆ ಪ್ರಾರ್ಥನಾಸಮಾಜದ ಬೆಂಬಲವೂ ಮಹಾನಗರದ ದಾನಿಗಳ ಹಣವೂ ವೃತ್ತಪತ್ರಿಕೆಗಳ ಪ್ರಚಾರವೂ ಇದ್ದವು. ಅದಕ್ಕೆ ಒಂಬತ್ತು ವರ್ಷ ಮೊದಲೇ ಸ್ಥಾಪಿತವಾದ ಮಂಗಳೂರಿನ ಸಂಸ್ಥೆಗೆ ಈ ಅನುಕೂಲಗಳು ಕಡಮೆ. ಜಿಲ್ಲೆಯ ಒಂದು ಪೇಟೆಯಲ್ಲಿ, ತನ್ನನ್ನು ಜಾತಿಯಿಂದ ಹೊರಗಿಟ್ಟ ಜನರ ನಡುವೆಯೇ ಅದು ಬದುಕಬೇಕಾಗಿತ್ತು.

ಆದರೆ ಇಂಥ ಸಂಸ್ಥೆಗಳ ಮಿತಿಯನ್ನೂ ಇತಿಹಾಸದ ವಿದ್ಯಾರ್ಥಿ ಹೇಳಲೇಬೇಕು. ಮೇಲ್ಜಾತಿಯ ಸುಧಾರಕರು ಮುಂದೆ ನಿಂತು, ಯಾರಿಗಾಗಿ ಕೆಲಸ ನಡೆಯುತ್ತಿತ್ತೋ ಅವರು ಹಿಂದೆ ನಿಲ್ಲುವ ಸ್ವರೂಪ ಇವುಗಳದು. ಡಾ. ಅಂಬೇಡ್ಕರರು 1924ರಲ್ಲಿ ಬಹಿಷ್ಕೃತ ಹಿತಕಾರಿಣೀ ಸಭೆಯನ್ನು ಸ್ಥಾಪಿಸಿದರು. ಆ ಸಭೆಯೂ 1925ರಲ್ಲಿ ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯವೊಂದನ್ನು ತೆರೆಯಿತೆಂಬುದು ಗಮನಾರ್ಹ. ಆದರೆ 1927ರ ಮಾರ್ಚ್ ತಿಂಗಳಲ್ಲಿ ಮಹಾಡದ ಚವದಾರ್ ಕೆರೆಗೆ ನಡೆದವರು ನೀರನ್ನು ಹಕ್ಕೆಂದು ಮುಟ್ಟಿದರು; ಯಾರ ಔದಾರ್ಯಕ್ಕೂ ಅವರು ಕಾಯಲಿಲ್ಲ. ಉದ್ಧಾರದ ಭಾಷೆಯಿಂದ ಹಕ್ಕಿನ ಭಾಷೆಗೆ ನಡೆದ ಈ ಪರಿವರ್ತನೆಯ ಮುಂದೆ ಮಂಗಳೂರಿನ ಮಿಷನ್ನು ಹಳೆಯ ಯುಗಕ್ಕೆ ಸೇರಿದುದಾಗಿ ಕಾಣುವುದು ಸಹಜ.

ಹಾಗಿದ್ದರೂ ಒಂದು ಮಾತನ್ನು ಸೇರಿಸಬೇಕೆನಿಸುತ್ತದೆ. ಕಲ್ಲು ಬೀಳುವ ದಾರಿಯಲ್ಲಿ ಮರುದಿನವೂ ಮಗುವನ್ನು ಕಳುಹಿಸಿದ ತಾಯಿ, ಧಣಿಯ ಮುನಿಸನ್ನು ಸಹಿಸಿದ ತಂದೆ, ಸ್ಲೇಟು ಹಿಡಿದು ನಡೆದ ಮಗು, ಇವರೆಲ್ಲರ ಛಲವೂ ಸೇರದಿದ್ದರೆ ರಂಗರಾಯರ ಛಲದಿಂದ ಶಾಲೆಯ ಬಾಗಿಲು ಮಾತ್ರ ತೆರೆದಿರುತ್ತಿತ್ತು. ಮಿಷನ್ನಿನ ಇತಿಹಾಸವನ್ನು ಇನ್ನು ಮುಂದೆ ಬರೆಯುವವರು ಈ ಪಾಲುದಾರರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ.

6

ರಂಗರಾಯರು 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆಂಬ ಹೆಸರನ್ನು ತಾಳಿದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತ್ಯಕ್ರಿಯೆಯಲ್ಲಿ ದಲಿತರೇ ಮುಂದೆ ನಿಲ್ಲಬೇಕೆಂಬುದು ಅವರ ಇಚ್ಛೆಯಾಗಿತ್ತು. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಹುದ್ದೆಗೇರಿ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಸಾಗುವಾಗ, ಅದರ ಚಕ್ರದ ಧೂಳು ತಮ್ಮ ತಲೆಗೆ ತಗುಲಿದರೆ ಜನ್ಮ ಸಾರ್ಥಕವೆಂದು ಅವರು ಬಗೆದಿದ್ದರು. ಉಪಕಾರ ಪಡೆದವನು ಉಪಕಾರ ಮಾಡಿದವನನ್ನು ಹಿಂದೆ ಹಾಕಿ ಮುಂದೆ ಹೋಗಬೇಕೆಂಬ ಈ ಹಂಬಲದಲ್ಲಿ, ನಾವು ಮೇಲೆ ಹೇಳಿದ ಮಿತಿಯನ್ನು ಅವರೇ ಒಂದಷ್ಟು ಮಟ್ಟಿಗೆ ದಾಟಿದ್ದರೆನ್ನಬಹುದು.

ಸಂಸ್ಥಾಪಕರೊಡನೆ ಸಂಸ್ಥೆಯೂ ಮುಗಿಯುವುದು ನಮ್ಮಲ್ಲಿ ಅಪರೂಪವಲ್ಲ. ಈ ಮಿಷನ್ನಿಗೆ ಆ ಗತಿ ಬರಲಿಲ್ಲ. ಅದರ ಆಡಳಿತವನ್ನು ಗೋಖಲೆಯವರು ಸ್ಥಾಪಿಸಿದ ಭಾರತ ಸೇವಕ ಸಮಾಜವು ವಹಿಸಿಕೊಂಡಿತು. 1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯ ನಡುವೆ ಮಂಗಳೂರಿಗೆ ಬಂದ ಗಾಂಧೀಜಿಯವರು ಅಲ್ಲಿಗೂ ಭೇಟಿಯಿತ್ತರು. ಮಂಗಳೂರಿನ ಪುರಭವನಕ್ಕೆ ರಂಗರಾಯರ ಹೆಸರಿಡಲಾಗಿದೆ.

1950ರಲ್ಲಿ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1856ರ ಅರ್ಜಿಗೆ ಅದು ಕೊನೆಯ ಉತ್ತರವೆಂದು ಪಠ್ಯಪುಸ್ತಕಗಳಲ್ಲಿ ನಾವು ಬೋಧಿಸುತ್ತೇವೆ. ಆದರೆ ನಮ್ಮ ಕಾಲೇಜುಗಳ ಹಾಜರಿಪುಸ್ತಕಗಳಲ್ಲಿ ವರ್ಷದ ಮಧ್ಯದಲ್ಲಿ ಮರೆಯಾಗುವ ಹೆಸರುಗಳು ಯಾರವು, ಅವರು ಏಕೆ ಮರೆಯಾದರು ಎಂದು ವಿಚಾರಿಸುವ ಅಧ್ಯಾಪಕನಿಗೆ, ಊಟ, ಬಿಡಾರ, ದಾರಿಯ ಖರ್ಚು, ಮನೆಯ ಕೂಲಿ ಎಂಬ ಉತ್ತರಗಳೇ ಇಂದಿಗೂ ಎದುರಾಗುತ್ತವೆ. ಚಿಲಿಂಬಿಯ ಶಾಲೆಯಲ್ಲಿ ರಂಗರಾಯರಿಗೆ ಎದುರಾದವುಗಳೂ ಇವೇ. ಮಗು ಶಾಲೆಗೆ ಬಾರದಿದ್ದಾಗ ಅವರು ಮಗುವನ್ನು ದೂರದೆ ಶಾಲೆಯನ್ನು ತಿದ್ದಿದರು. ಶಿಕ್ಷಣಸಂಸ್ಥೆಗಳ ಇತಿಹಾಸವನ್ನು ಅಭ್ಯಾಸಮಾಡುವವರಿಗೂ ಅವುಗಳನ್ನು ನಡೆಸುವವರಿಗೂ ಮನನಯೋಗ್ಯವಾದ ಸಂಗತಿ ಇದೆಂದು ನಾವು ತಿಳಿಯುತ್ತೇವೆ.