ಒಂದು ಮಟ್ಟು, ಹಲವು ಪಾಠ: ಜಮೈಕಾ ಮೂಲದ ಸಂಗೀತದಲ್ಲಿ ಕರ್ತೃತ್ವದ ಪ್ರಶ್ನೆ

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಮೂಲಪಾಠ, ಪಾಠಾಂತರ, ಅಂಕಿತ ಎಂಬ ಪದಗಳು ನಿತ್ಯದ ಉಪಕರಣಗಳು. ಇವನ್ನು ತಾಳೆಗರಿಯಿಂದ ಬಹುದೂರದ ಒಂದು ಸಾಮಗ್ರಿಗೆ, ಎಂದರೆ ಕೆರಿಬಿಯನ್ ಮೂಲದ ಗಾಯಕರೂ ವಾದಕರೂ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿದ ರೆಗೆ, ಡಾನ್ಸ್‌ಹಾಲ್ ಮತ್ತು ಸೋಲ್ ಸಂಗೀತಕ್ಕೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಈ ಸಂಗೀತದ ಚರಿತ್ರೆಯನ್ನು ಸಾಮಾನ್ಯವಾಗಿ ಬಾಬ್ ಮಾರ್ಲಿಯಂತಹ (1945-1981) ಮಹಾಗಾಯಕರ ಸುತ್ತ ಬರೆಯಲಾಗುತ್ತದೆ. ಹಾಗೆ ಬರೆದುದರಲ್ಲಿ ತಪ್ಪೇನೂ ಇಲ್ಲ. ಆದರೆ ಇದರ ನಿಜವಾದ ಘಟಕ ಗಾಯಕನೂ ಅಲ್ಲ, ಹಾಡೂ ಅಲ್ಲ, ಅದು ಮಟ್ಟು. ಆ ಮಟ್ಟುಗಳನ್ನು ಕಟ್ಟಿದವರ ಹೆಸರುಗಳು ಚರಿತ್ರೆಯಿಂದ ಜಾರಿಹೋದುದು ಹೇಗೆ ಎಂಬುದು ಇಲ್ಲಿಯ ಪ್ರಶ್ನೆ.

ಜಮೈಕಾ ಬ್ರಿಟಿಷರ ಆಳ್ವಿಕೆಯಿಂದ ಸ್ವತಂತ್ರವಾದದ್ದು 1962ರ ಆಗಸ್ಟ್ 6ರಂದು. ಅದಕ್ಕೂ ಒಂದು ದಶಕಕ್ಕೆ ಹಿಂದೆಯೇ ರಾಜಧಾನಿ ಕಿಂಗ್‌ಸ್ಟನ್ನಿನ ಬಡ ಕೇರಿಗಳಲ್ಲಿ 'ಸೌಂಡ್ ಸಿಸ್ಟಮ್' ಎಂಬ ವಿಶಿಷ್ಟ ವ್ಯವಸ್ಥೆ ಬೇರೂರಿತ್ತು. ಆಳೆತ್ತರದ ಧ್ವನಿವರ್ಧಕಗಳನ್ನು ಲಾರಿಯಲ್ಲಿ ತಂದು ಬಯಲಿನಲ್ಲಿ ನಿಲ್ಲಿಸಿ, ಅಮೆರಿಕದ ಕರಿಯರ ಗಾನಮುದ್ರಿಕೆಗಳನ್ನು ನುಡಿಸಿ, ಪ್ರವೇಶಧನ ಪಡೆದು ಜನರನ್ನು ಕುಣಿಸುವ ವ್ಯಾಪಾರ ಅದು. ಅದರ ಒಡೆಯರಲ್ಲಿ ಕ್ಲೆಮೆಂಟ್ 'ಕಾಕ್ಸನ್' ಡಾಡ್ ಮತ್ತು ಡ್ಯೂಕ್ ರೀಡ್ ಪ್ರಮುಖರು. ತಮ್ಮಲ್ಲಿರುವ ಮುದ್ರಿಕೆ ಯಾವುದೆಂದು ಎದುರಾಳಿಗೆ ತಿಳಿಯಬಾರದೆಂದು ಈ ಒಡೆಯರು ಅದರ ಮೇಲಿನ ಹೆಸರಿನ ಚೀಟಿಯನ್ನೇ ಕೆರೆದುಹಾಕುತ್ತಿದ್ದರು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ವಿಲಿಸ್ ಜಾಕ್ಸನ್ನನ ಒಂದು ಕೃತಿ ಕಿಂಗ್‌ಸ್ಟನ್ನಿನಲ್ಲಿ 'ಕಾಕ್ಸನ್ ಹಾಪ್' ಎಂಬ ಹೆಸರಿನಿಂದಲೇ ಪ್ರಸಿದ್ಧವಾಗಿತ್ತು. ಅದರ ನಿಜವಾದ ಹೆಸರನ್ನು ಡ್ಯೂಕ್ ರೀಡ್ ಪತ್ತೆಹಚ್ಚಿ ತಾನೂ ನುಡಿಸಿದಾಗ ಕಾಕ್ಸನ್ನನಿಗೆ ಭಾರಿ ಮುಖಭಂಗವಾಯಿತೆಂದು ಹೇಳಿಕೆಯಿದೆ. ಕರ್ತೃವಿನ ಹೆಸರನ್ನು ಅಳಿಸುವುದು ಈ ವ್ಯಾಪಾರದ ಮೊದಲ ಪಾಠವಾಗಿತ್ತು ಎಂಬುದು ಗಮನಾರ್ಹ. ಮುಂದಿನದೆಲ್ಲವನ್ನೂ ಇದರ ಬೆಳಕಿನಲ್ಲಿ ನೋಡಬೇಕು.

ಐವತ್ತರ ದಶಕದ ಕೊನೆಗೆ ಅಮೆರಿಕದ ಅಭಿರುಚಿ ರಾಕ್ ಸಂಗೀತದತ್ತ ಹೊರಳಿ, ಜಮೈಕಾದ ಕುಣಿತಕ್ಕೆ ಒಗ್ಗುವ ಮುದ್ರಿಕೆಗಳು ವಿರಳವಾದವು. ಆಗ ಸೌಂಡ್ ಸಿಸ್ಟಮ್ ಒಡೆಯರು ಸ್ಥಳೀಯ ವಾದಕರಿಂದಲೇ ಹಾಡುಗಳನ್ನು ಮಾಡಿಸತೊಡಗಿದರು. ಡಾಡ್ 1963ರಲ್ಲಿ ಬ್ರೆಂಟ್‌ಫರ್ಡ್ ರಸ್ತೆಯಲ್ಲಿ ಸ್ಟುಡಿಯೋ ಒನ್ ಎಂಬ ಧ್ವನಿಮುದ್ರಣಾಲಯವನ್ನು ಸ್ಥಾಪಿಸಿದ. ಅಲ್ಲಿ ದುಡಿದವರಲ್ಲಿ ಅನೇಕರು ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಆಲ್ಫಾ ಬಾಲಕರ ಶಾಲೆಯ ವಾದ್ಯವೃಂದದಲ್ಲಿ ಪಳಗಿದವರು. ಟ್ರಾಂಬೋನ್ ವಾದಕ ಡಾನ್ ಡ್ರಮ್ಮಂಡ್, ಸ್ಯಾಕ್ಸೊಫೋನಿನ ಟಾಮಿ ಮೆಕುಕ್ ಅಂಥವರು. ಹದಿಹರೆಯದಲ್ಲೇ ಅಲ್ಲಿಗೆ ಬಂದ ಜಾಕಿ ಮಿಟ್ಟೂ (1948-1990) ಕೀಬೋರ್ಡ್ ನುಡಿಸುತ್ತ, ಸಂಗೀತ ಸಂಯೋಜಿಸುತ್ತ ಆ ಮನೆಯ ಬೆನ್ನೆಲುಬಾದ. ಈ ವಾದಕರಿಗೆ ದೊರೆಯುತ್ತಿದ್ದುದು ಕೂಲಿ ಇಲ್ಲವೆ ವಾರದ ಸಂಬಳ. ಮುದ್ರಿಕೆಯ ಮೇಲೆ ಅಚ್ಚಾಗುತ್ತಿದ್ದುದು ಹೆಚ್ಚಾಗಿ ಗಾಯಕನ ಮತ್ತು ಒಡೆಯನ ಹೆಸರು. ಕಾನೂನೂ ಅವರ ನೆರವಿಗೆ ಬರಲಿಲ್ಲ. ಬ್ರಿಟಿಷ್ ಸಾಮ್ರಾಜ್ಯದ 1911ರ ಕೃತಿಸ್ವಾಮ್ಯ ಕಾಯಿದೆಯೇ ಅಲ್ಲಿ ಉಳಿದಿತ್ತು, ಅದರ ಜಾರಿ ತೀರ ಸಡಿಲ. (ನಮ್ಮಲ್ಲಿ 1914ರ ಕಾಯಿದೆಯ ಮೂಲಕ ಬಂದದ್ದೂ ಅದೇ ಕಾನೂನು. ಭಾರತ ಸ್ವಾತಂತ್ರ್ಯದ ಹತ್ತು ವರ್ಷಗಳೊಳಗೆ, 1957ರಲ್ಲಿ ತನ್ನದೇ ಕಾಯಿದೆ ಮಾಡಿಕೊಂಡಿತು; ಜಮೈಕಾ ಮೂವತ್ತೊಂದು ವರ್ಷ ಕಾಯಿತು.)

ಈಗ ಮಟ್ಟಿನ ವಿಚಾರ. ಅರವತ್ತರ ದಶಕದ ಉತ್ತರಾರ್ಧದಲ್ಲಿ ರಡಿ ರೆಡ್‌ವುಡ್ ಎಂಬ ಸೌಂಡ್ ಸಿಸ್ಟಮ್ ಒಡೆಯನಿಗೆ, ಡ್ಯೂಕ್ ರೀಡನ ಮುದ್ರಣಾಲಯದಲ್ಲಿ ಪ್ಯಾರಗನ್ಸ್ ತಂಡದ ಹಾಡೊಂದರ ತಟ್ಟೆಯನ್ನು ಕೊರೆದುಕೊಡುವಾಗ ಕಂಠವನ್ನು ಸೇರಿಸಲು ಮರೆತರಂತೆ. ರೆಡ್‌ವುಡ್ ಅದನ್ನೇ ಬಯಲಿನಲ್ಲಿ ನುಡಿಸಿದಾಗ, ವಾದ್ಯ ಮಾತ್ರ ಇದ್ದ ಆ ಹಾಡಿಗೆ ಜನರೇ ಕೂಡಿ ಕಂಠ ಕೊಟ್ಟರು. ಕಥೆ ಬಾಯಿಂದ ಬಾಯಿಗೆ ಬಂದದ್ದು, ತುಸು ಬಣ್ಣ ಸೇರಿರಬಹುದು. ಪರಿಣಾಮವಂತೂ ನಿಶ್ಚಿತ. ಸ್ವಲ್ಪ ಕಾಲದಲ್ಲೇ ಮುದ್ರಿಕೆಯ ಒಂದು ಮಗ್ಗುಲಲ್ಲಿ ಹಾಡು, ಇನ್ನೊಂದು ಮಗ್ಗುಲಲ್ಲಿ ಅದರ ಕಂಠರಹಿತ 'ವರ್ಷನ್' ಅಚ್ಚಾಗುವುದು ರೂಢಿಯಾಯಿತು. ಕಿಂಗ್ ಟಬ್ಬಿ ಎಂದು ಖ್ಯಾತನಾದ ಆಸ್ಬೋರ್ನ್ ರಡಕ್, ವೃತ್ತಿಯಿಂದ ವಿದ್ಯುತ್ ಉಪಕರಣಗಳ ತಂತ್ರಜ್ಞ, ಆ ವರ್ಷನ್‌ಗಳನ್ನು ಬಿಡಿಸಿ, ಪ್ರತಿಧ್ವನಿ ಬೆರೆಸಿ, 'ಡಬ್' ಎಂಬ ಹೊಸ ಪ್ರಕಾರವನ್ನೇ ರೂಪಿಸಿದ. ಅವನ ಸೌಂಡ್ ಸಿಸ್ಟಮಿನಲ್ಲಿ ನುಡಿಯುತ್ತಿದ್ದವನು ಯು-ರಾಯ್. ಜಮೈಕಾದಲ್ಲಿ 'ಡೀಜೇ' ಎಂದರೆ ತಟ್ಟೆ ನುಡಿಸುವವನಲ್ಲ, ನುಡಿಯುತ್ತಿರುವ ತಟ್ಟೆಯ ಮೇಲೆ ಮಾತನ್ನು ಲಯಬದ್ಧವಾಗಿ ಹೆಣೆಯುವವನು. 1970ರಲ್ಲಿ ಯು-ರಾಯ್ ಹಳೆಯ ಹಾಡುಗಳ ವರ್ಷನ್ ಮೇಲೆ ನುಡಿದ ಮೂರು ಮುದ್ರಿಕೆಗಳು ಜಮೈಕಾದ ಜನಪ್ರಿಯತೆಯ ಪಟ್ಟಿಯಲ್ಲಿ ಒಟ್ಟಿಗೇ ಮೊದಲ ಮೂರು ಸ್ಥಾನ ಪಡೆದವು.

ಹೀಗೆ ಬಾಸ್ ಗಿಟಾರು ಮತ್ತು ಡ್ರಮ್ಮುಗಳ ಒಂದು ವಿನ್ಯಾಸ ತನ್ನ ಮೂಲ ಹಾಡಿನಿಂದ ಬಿಡುಗಡೆ ಹೊಂದಿ, ಯಾರು ಬೇಕಾದರೂ ಹೊಸ ಸಾಹಿತ್ಯ ಕಟ್ಟಬಹುದಾದ ಆಧಾರವಾಯಿತು. ಇದಕ್ಕೆ 'ರಿದಿಮ್' ಎಂದು ಹೆಸರು. ಇಂಗ್ಲಿಷಿನ 'ರಿದಮ್' ಶಬ್ದದ ದ್ವೀಪದ ಉಚ್ಚಾರಣೆ. ಕನ್ನಡದಲ್ಲಿ ಇದಕ್ಕೆ ಮಟ್ಟು ಎಂದು ಕರೆಯಲು ನಾನು ಹಿಂಜರಿಯುವುದಿಲ್ಲ. ನಮ್ಮ ಭಜನೆಯ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ಇಂಥ ಹಾಡಿನ ಧಾಟಿ ಎಂದು ಅಚ್ಚಾಗಿರುವುದನ್ನು ಯಾರು ತಾನೇ ಕಂಡಿಲ್ಲ? ಜಮೈಕಾದ ಪ್ರತಿ ಮಟ್ಟಿಗೂ ಹೀಗೆಯೇ ಒಂದು ಹೆಸರಿರುತ್ತದೆ, ಸಾಮಾನ್ಯವಾಗಿ ಅದು ಮೊದಲು ಕಾಣಿಸಿಕೊಂಡ ಹಾಡಿನ ಹೆಸರು. ಅಂಕಿತದ ವಿಷಯದಲ್ಲಿ ಮಾತ್ರ ಹೋಲಿಕೆ ಕೂಡಿಬರುವುದಿಲ್ಲ. ನಮ್ಮ ವಚನಕಾರರ, ಹರಿದಾಸರ ಅಂಕಿತ ಇಷ್ಟದೈವದ್ದು. ಡೀಜೇ ತನ್ನ ನುಡಿಯೊಳಗೆ ಹಾಕುವ ಅಂಕಿತ ತನ್ನದೇ ಹೆಸರು, ಇಲ್ಲವೆ ತಾನು ದುಡಿಯುವ ಸೌಂಡ್ ಸಿಸ್ಟಮಿನ ಹೆಸರು. ಚೀಟಿ ಕೆರೆದುಹಾಕುವ ಪೇಟೆಯಲ್ಲಿ ಕರ್ತೃವಾದವನು ತನ್ನ ಹೆಸರನ್ನು ಕೃತಿಯ ಒಳಗೇ ಹುದುಗಿಸದೆ ವಿಧಿಯಿರಲಿಲ್ಲ ಎಂದು ನನ್ನ ಊಹೆ. ಮಟ್ಟು ಕಟ್ಟಿದ ವಾದಕನಿಗೆ ಆ ಸೌಕರ್ಯವೂ ಇಲ್ಲ, ಏಕೆಂದರೆ ಅವನ ಪಾಲಿಗೆ ಮಾತೇ ಇರಲಿಲ್ಲ.

ಒಂದು ಮಟ್ಟಿನ ವಂಶಾವಳಿಯನ್ನು ತುಸು ವಿವರವಾಗಿ ನೋಡೋಣ. ಸ್ಟುಡಿಯೋ ಒನ್‌ನ ವಾದ್ಯವೃಂದವಾದ ಸೌಂಡ್ ಡೈಮೆನ್ಷನ್ 1968ರಲ್ಲಿ 'ಫುಲ್ ಅಪ್' ಎಂಬ ಕಂಠರಹಿತ ಕೃತಿಯನ್ನು ನುಡಿಸಿತು. ಮಿಟ್ಟೂ ಅದರ ಜೀವಾಳ. ಅಲ್ಲಿಯ ಬಾಸ್ ವಾದಕನಾಗಿದ್ದವನು ಹೆಪ್ಟೋನ್ಸ್ ತಂಡದ ಲೆರಾಯ್ ಸಿಬಲ್ಸ್. ಹದಿಮೂರು ವರ್ಷಗಳ ಅನಂತರ, 1981ರ ಸುಮಾರಿಗೆ, ಮೈಟಿ ಡೈಮಂಡ್ಸ್ ಎಂಬ ತ್ರಿವಳಿ ಇದೇ ಮಟ್ಟಿಗೆ 'ಪಾಸ್ ದ ಕೂಚಿ' ಎಂಬ ಹಾಡನ್ನು ಹೊಂದಿಸಿತು. ಕೂಚಿ ಎಂದರೆ ಗಾಂಜಾ ಸೇದುವ ಚಿಲುಮೆ. ('ಗಾಂಜಾ' ಪದವೇ ಆ ದ್ವೀಪಕ್ಕೆ ಹೋದದ್ದು 1845ರಿಂದ ಅಲ್ಲಿಗೆ ಸಾಗಿಸಲಾದ ಭಾರತೀಯ ಕರಾರು ಕೂಲಿಗಳ ಜೊತೆಗೆ.) ಮರುವರ್ಷವೇ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ, ಕೆರಿಬಿಯನ್‌ನಿಂದ ವಲಸೆ ಬಂದ ಕುಟುಂಬಗಳ ಐವರು ಹುಡುಗರು ಮ್ಯೂಸಿಕಲ್ ಯೂತ್ ಎಂಬ ಹೆಸರಿನಲ್ಲಿ ಅದನ್ನು ಮತ್ತೆ ಹಾಡಿದರು. ಹುಡುಗರ ಬಾಯಲ್ಲಿ ಚಿಲುಮೆ ಸಲ್ಲದೆಂದು 'ಕೂಚಿ' ಹೋಗಿ 'ಡಚಿ' ಬಂತು. ಡಚಿ ಎಂದರೆ ಅಡುಗೆಯ ಕಬ್ಬಿಣದ ಪಾತ್ರೆ. ಸೊಪ್ಪಿನ ಪ್ರಸ್ತಾಪವಿದ್ದ ಕಡೆ ಅನ್ನ ಬಂತು. ಅರ್ಥ ತಿರುಗಿದರೂ ಪ್ರಾಸ ಕೆಡಲಿಲ್ಲ. ಲಿಪಿಕಾರನೊಬ್ಬ ತನ್ನ ಕಾಲದ ಮಡಿವಂತಿಕೆಗೆ ತಕ್ಕಂತೆ ಒಂದಕ್ಷರ ತಿದ್ದಿದ ಪಾಠಾಂತರಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ದುರ್ಲಭ. ಹಾಡಿನ ಆರಂಭದ ಘೋಷವಾಕ್ಯವಂತೂ ಯು ಬ್ರೌನ್ ಎಂಬ ಡೀಜೇಯ ಮುದ್ರಿಕೆಯಿಂದ ಬಂದದ್ದು. ಈ ನಾಲ್ಕು ಪದರಗಳ ಕೃತಿ 1982ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಪ್ರಥಮ ಸ್ಥಾನಕ್ಕೇರಿತು. ಕರ್ತೃಗಳೆಂದು ನಮೂದಾದವರು ಮೈಟಿ ಡೈಮಂಡ್ಸ್‌ನ ಇಬ್ಬರು ಮತ್ತು ಜಾಕಿ ಮಿಟ್ಟೂ. ವಾದ್ಯವೃಂದದ ಉಳಿದವರ ಹೆಸರು ಅಲ್ಲಿಲ್ಲ. ಮಟ್ಟನ್ನು ಮಟ್ಟು ಎಂದು ಗುರುತಿಸುವಂತೆ ಮಾಡುವುದು ಮುಖ್ಯವಾಗಿ ಬಾಸ್ ಎಂಬುದನ್ನು ನೆನೆದರೆ ಈ ಮೌನ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಎರವಲು ಒಂದೇ ದಿಕ್ಕಿನದಾಗಿರಲಿಲ್ಲ. ಮಾರ್ಲಿ ಮತ್ತು ವೇಲರ್ಸ್ 1965ರಲ್ಲಿ ಸ್ಟುಡಿಯೋ ಒನ್‌ಗಾಗಿ ಹಾಡಿದ 'ಒನ್ ಲವ್' ಅಮೆರಿಕದ ಸೋಲ್ ಕವಿ-ಗಾಯಕ ಕರ್ಟಿಸ್ ಮೇಫೀಲ್ಡನ 'ಪೀಪಲ್ ಗೆಟ್ ರೆಡಿ'ಯಿಂದ ಅಂಶಗಳನ್ನು ಪಡೆದಿತ್ತು, ಅವನ ಹೆಸರಿಲ್ಲದೆ. 1977ರಲ್ಲಿ ಅದೇ ಹಾಡು 'ಎಕ್ಸೋಡಸ್' ಸಂಪುಟದಲ್ಲಿ ಲಂಡನ್ನಿನ ಕಂಪನಿಯ ಮೂಲಕ ಹೊರಟಾಗ ಎರಡೂ ಹಾಡುಗಳ ಹೆಸರು ಶೀರ್ಷಿಕೆಯಲ್ಲಿ ಸೇರಿದವು, ಮೇಫೀಲ್ಡ್ ಸಹಕರ್ತೃವಾದ. ಹನ್ನೆರಡು ವರ್ಷಗಳಲ್ಲಿ ಬದಲಾದದ್ದು ಹಾಡುಗಾರನ ಪ್ರಾಮಾಣಿಕತೆಯಲ್ಲ; ಮಾರುಕಟ್ಟೆ ಮತ್ತು ಅದರ ಕಾನೂನು. ಲಂಡನ್ನಿನಲ್ಲಿಯೇ ಬೆಳೆದ ತಲೆಮಾರಿನಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ಬಾರ್ಬಡೋಸಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಡೆನಿಸ್ ಬೋವೆಲ್ ಸ್ವತಃ ಬಾಸ್ ವಾದಕ. ಅಮೆರಿಕದ ಸೋಲ್ ಮತ್ತು ಜಮೈಕಾದ ರೆಗೆಗಳನ್ನು ಬೆಸೆದ 'ಲವರ್ಸ್ ರಾಕ್' ಪ್ರಕಾರದ ನಿರ್ಮಾಪಕರಲ್ಲಿ ಅವನು ಅಗ್ರಗಣ್ಯ. ಅವನು ರಚಿಸಿ, ಜಾನೆಟ್ ಕೇ ಹಾಡಿದ 'ಸಿಲ್ಲಿ ಗೇಮ್ಸ್' 1979ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೆಯ ಸ್ಥಾನ ತಲುಪಿತು, ಕರ್ತೃವಾಗಿ ಅವನ ಹೆಸರನ್ನೇ ಹೊತ್ತು. ಆಂಟಿಗುವಾ ಮೂಲದ ತಂದೆತಾಯಿಯ ಮಗ ಜಾಝಿ ಬಿ ಕಟ್ಟಿದ ಸೋಲ್ ಟು ಸೋಲ್ ಮೊದಲಿಗೆ ಒಂದು ಸೌಂಡ್ ಸಿಸ್ಟಮ್. 1989ರಲ್ಲಿ ಅದು ಪ್ರಥಮ ಸ್ಥಾನದ ಸೋಲ್ ತಂಡವಾಯಿತು. ಕಿಂಗ್‌ಸ್ಟನ್ನಿನ ಬಯಲಿನಲ್ಲಿ ಹುಟ್ಟಿದ ರೂಪವೇ ಇಲ್ಲಿ ಮುಂದುವರಿದರೂ ನಾಮಾವಳಿ ಕೆರೆದುಹೋಗಲಿಲ್ಲ.

ಮರಳಿ ಕಿಂಗ್‌ಸ್ಟನ್ನಿಗೆ. 1985ರಲ್ಲಿ ಕರ್ತೃತ್ವದ ಸಿಕ್ಕು ಇನ್ನೊಂದು ಸುತ್ತು ಬಿಗಿಯಿತು. ಗಾಯಕ ವೇಯ್ನ್ ಸ್ಮಿತ್ ಮತ್ತು ನೋಯಲ್ ಡೇವಿ, ಕ್ಯಾಸಿಯೋ ಎಂಟಿ-40 ಎಂಬ ಅಗ್ಗದ ಕೀಬೋರ್ಡಿನಲ್ಲಿ ಮೊದಲೇ ಅಳವಡಿಸಿದ್ದ 'ರಾಕ್' ಎಂಬ ಲಯವನ್ನು ಕಂಡು ಅದನ್ನು ಕಿಂಗ್ ಜಾಮಿಯ ಮುದ್ರಣಾಲಯಕ್ಕೆ ಒಯ್ದರು. ಅಲ್ಲಿ ಲಯದ ವೇಗ ತಗ್ಗಿಸಿ ಮಾಡಿದ 'ಅಂಡರ್ ಮಿ ಸ್ಲೆಂಗ್ ಟೆಂಗ್' ಡಾನ್ಸ್‌ಹಾಲ್ ಸಂಗೀತವನ್ನು ಯಂತ್ರಯುಗಕ್ಕೆ ದಾಟಿಸಿತು. ಅದೇ ಮಟ್ಟಿನ ಮೇಲೆ ಮುಂದೆ ಬಂದ ಹಾಡುಗಳ ಸಂಖ್ಯೆ ನೂರಾರು. ಆ ಲಯವನ್ನು ಯಂತ್ರಕ್ಕೆ ಸಂಯೋಜಿಸಿದವರು ಜಪಾನಿನ ಒಕುಡಾ ಹಿರೊಕೊ, ಸಂಗೀತ ಕಾಲೇಜಿನಲ್ಲಿ ರೆಗೆಯನ್ನೇ ಕುರಿತು ಪ್ರಬಂಧ ಬರೆದು 1980ರಲ್ಲಿ ಕ್ಯಾಸಿಯೋ ಸೇರಿದ್ದ ಯುವತಿ. ಅವರ ಹೆಸರೂ ದಶಕಗಳ ಕಾಲ ಯಾರಿಗೂ ತಿಳಿದಿರಲಿಲ್ಲ. ರೆಗೆ ಕೇಳಿ ಬೆಳೆದ ಕಿವಿಯಿಂದ ಹೊರಟದ್ದು ಯಂತ್ರದ ಮೂಲಕ ರೆಗೆಯ ಊರಿಗೇ ಮರಳಿದ ಈ ಪಯಣದಲ್ಲಿ ಮೂಲಪಾಠ ಯಾವುದೆಂದು ಸಂಪಾದಕನೊಬ್ಬ ಹೇಗೆ ನಿರ್ಣಯಿಸಿಯಾನು?

ಜಮೈಕಾ ತನ್ನ ಕೃತಿಸ್ವಾಮ್ಯ ಕಾಯಿದೆಯನ್ನು ಅಂಗೀಕರಿಸಿದ್ದು 1993ರಲ್ಲಿ. ಮಿಟ್ಟೂ ತೀರಿಕೊಂಡು ಮೂರು ವರ್ಷಗಳಾಗಿದ್ದವು. ಕಾಯಿದೆ ಬಂದ ಮೇಲೆ ಹಳೆಯ ರೂಢಿಗೆ ಹೊಸ ಕಸೋಟಿ ಒದಗಿತು. ಜಾಮಿಯ ಮುದ್ರಣಾಲಯದಲ್ಲಿ ಹೆಸರು ಮಾಡಿದ ಸ್ಟೀಲಿ ಮತ್ತು ಕ್ಲೀವಿ ಎಂಬ ಜೋಡಿ 1989ರಲ್ಲಿ 'ಫಿಶ್ ಮಾರ್ಕೆಟ್' ಎಂಬ ಮಟ್ಟನ್ನು ರಚಿಸಿತ್ತು. ಸ್ಪ್ಯಾನಿಷ್ ಭಾಷೆಯ ರೆಗೆಟಾನ್ ಪ್ರಕಾರ ಇಡಿಯಾಗಿ ಅದರ ಡ್ರಮ್ ವಿನ್ಯಾಸದ ಮೇಲೆ ನಿಂತಿದೆಯೆಂದು ಕ್ಲೀವಿ ಮತ್ತು 2009ರಲ್ಲಿ ತೀರಿಕೊಂಡ ಸ್ಟೀಲಿಯ ವಾರಸುದಾರರು 2021ರಲ್ಲಿ ಲಾಸ್ ಏಂಜಲೀಸಿನ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಪ್ರತಿವಾದಿಗಳು ನೂರಕ್ಕೂ ಹೆಚ್ಚು. ಅದನ್ನು ಆರಂಭದಲ್ಲೇ ವಜಾ ಮಾಡಬೇಕೆಂಬ ಕೋರಿಕೆಯನ್ನು 2024ರಲ್ಲಿ ನ್ಯಾಯಾಧೀಶರು ಒಪ್ಪಲಿಲ್ಲ. ಇಂಥ ಲಯ ಯಾರೊಬ್ಬರ ಸೊತ್ತೂ ಅಲ್ಲ, ಅದು ಪ್ರಕಾರದ ಸಾಮಾನ್ಯ ನುಡಿಗಟ್ಟು ಎಂಬುದು ಪ್ರತಿವಾದಿಗಳ ವಾದ.

ಮಟ್ಟುಗಳನ್ನು ಹಂಚಿಕೊಂಡೇ ಬೆಳೆದವರು ಈಗ ಸ್ವಾಮ್ಯ ಕೇಳುವುದು ವಿರೋಧಾಭಾಸ ಎನ್ನುವವರಿದ್ದಾರೆ. ಈ ಅಭಿಪ್ರಾಯವನ್ನು ನಾನು ಒಪ್ಪಲಾರೆ. ಕಿಂಗ್‌ಸ್ಟನ್ನಿನ ಕೇರಿಯೊಳಗೆ ಹಂಚಿಕೆ ಪರಸ್ಪರವಾಗಿತ್ತು: ಇಂದು ಕೊಟ್ಟವನು ನಾಳೆ ಪಡೆಯುತ್ತಿದ್ದ, ಯಾರ ಮಟ್ಟು ಎಂಬುದು ಬಯಲಿನಲ್ಲಿ ನಿಂತ ಎಲ್ಲರಿಗೂ ಗೊತ್ತಿತ್ತು, ಹೆಸರಿಡಿದು ಕೂಗುವವರಿದ್ದರು. ಅದೇ ಮಟ್ಟು ಆ ಬಯಲನ್ನು ದಾಟಿ ದೂರದ ಪೇಟೆಗೆ ಹೋದಾಗ ಕೊಡುವ ಕೈ ಮಾತ್ರ ಉಳಿಯುತ್ತದೆ. ನಾಮಾವಳಿ ಕೆರೆದ ತಟ್ಟೆಗಳ ಕಾಲದಲ್ಲಿ ವಿಲಿಸ್ ಜಾಕ್ಸನ್ನನಿಗೆ ಆದದ್ದೂ ಅದೇ ಎಂಬುದನ್ನು ಕಿಂಗ್‌ಸ್ಟನ್ನಿನ ಪರ ವಾದಿಸುವವರು ಮರೆಯುವಂತಿಲ್ಲ.