ಆಮೆಯ ಚಿಪ್ಪು: ವಿಕಾಸದಲ್ಲಿ ಹೊಸತು ಎಂದರೇನು?

ಭ್ರೂಣದ ಬೆಳವಣಿಗೆಯ ಮೂಲಕ ಜೀವವಿಕಾಸವನ್ನು ಅರಿಯುವ ಶಾಸ್ತ್ರದಲ್ಲಿ ‘ನಾವೀನ್ಯ’ ಎಂಬುದು ಬಿಗಿಯಾದ ಅರ್ಥವುಳ್ಳ ಪದ. ಪೂರ್ವಜರಲ್ಲಿ ಸಮಮೂಲದ, ಅಂದರೆ ವಂಶಪಾರಂಪರ್ಯವಾಗಿ ಅದಕ್ಕೆ ಸರಿಹೊಂದುವ ಅಂಗವಾಗಲಿ, ಅದೇ ದೇಹದಲ್ಲಿ ಬೇರೆಡೆ ಮರುಕಳಿಸಿದ ಅದರ ಪ್ರತಿರೂಪವಾಗಲಿ ಇಲ್ಲದ ರಚನೆಯೇ ನಾವೀನ್ಯವೆಂದು ಗೆರ್ಡ್ ಮ್ಯುಲರ್ ಮತ್ತು ಗುಂಟರ್ ವಾಗ್ನರ್ 1991ರಲ್ಲಿ ವ್ಯಾಖ್ಯಾನಿಸಿದರು.

ಈ ಅಳತೆಗೋಲನ್ನು ಕಠಿಣ ಪರೀಕ್ಷೆಗೆ ಒಡ್ಡುವುದು ಆಮೆಯ ಚಿಪ್ಪು. ಬೆನ್ನುಚಿಪ್ಪನ್ನು ಒಳಗಿನಿಂದ ನೋಡಿದರೆ ಬೆನ್ನುಮೂಳೆಯೂ ಅದರ ಇಕ್ಕೆಲದ ಪಕ್ಕೆಲುಬುಗಳೂ ಚಿಪ್ಪಿನೊಂದಿಗೆ ಬೆಸೆದುಕೊಂಡಿರುವುದು ಕಾಣುತ್ತದೆ. ಉಳಿದ ನಾಲ್ಕುಕಾಲಿನ ಪ್ರಾಣಿಗಳಲ್ಲಿ ಪಕ್ಕೆಲುಬಿನ ಗೂಡಿನ ಹೊರಗಿರುವ ಹೆಗಲೆಲುಬು ಇಲ್ಲಿ ಅದರೊಳಗೇ ಇದೆ. ಭ್ರೂಣದ ಎರಡೂ ಪಕ್ಕೆಗಳ ಉದ್ದಕ್ಕೂ ಸಣ್ಣ ದಿಂಡಿನಂತೆ ಉಬ್ಬುವ ಅಂಚಿನತ್ತ ಪಕ್ಕೆಲುಬುಗಳು, ಎದೆಯ ಕಡೆಗೆ ಬಾಗದೆ, ಚರ್ಮದ ಪದರದೊಳಗೇ ಚಾಚಿಕೊಳ್ಳುವುದರಿಂದ ಹೀಗಾಗುತ್ತದೆ. ಹಾಗಾದರೆ ಹಳೆಯ ಪಕ್ಕೆಲುಬಿನಿಂದಾದ ಚಿಪ್ಪು ಹೊಸತೇ? ಮೂಳೆ ಹಳೆಯದಾದರೂ ಆ ಅಂಚು ಆಮೆಗಳಿಗಷ್ಟೇ ವಿಶಿಷ್ಟವಾಗಿರುವುದರಿಂದ, ನಾವೀನ್ಯವನ್ನು ಬೆಳವಣಿಗೆಯ ದಾರಿಯಲ್ಲಿ ಹುಡುಕುವುದೇ ಸರಿ.

ಚಿಪ್ಪು ಒಮ್ಮೆಲೇ ಮೂಡಲಿಲ್ಲ ಎಂಬುದನ್ನು ಪಳೆಯುಳಿಕೆ ತೋರುತ್ತದೆ: ಚೀನಾದಲ್ಲಿ ದೊರೆತು 2008ರಲ್ಲಿ ವರ್ಣಿತವಾದ, ಸುಮಾರು 22 ಕೋಟಿ ವರ್ಷ ಹಳೆಯ ಒಡಾಂಟೊಕೆಲಿಸ್ ಎಂಬ ಹಲ್ಲುಳ್ಳ ಆಮೆಗೆ ಹೊಟ್ಟೆಯ ಚಿಪ್ಪು ಪೂರ್ಣವಾಗಿತ್ತು. ಬೆನ್ನಿನ ಪಕ್ಕೆಲುಬುಗಳು ಮಾತ್ರ ಅಗಲಗೊಂಡಿದ್ದರೂ ಇನ್ನೂ ಒಂದೇ ಚಿಪ್ಪಾಗಿ ಕೂಡಿಕೊಂಡಿರಲಿಲ್ಲ.