ಮನೆತನವೇ ಅಪರಾಧವಾದಾಗ

ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕವನ್ನು ಓದಿದವರಿಗೆ ಗ್ಲಾಮ್ಸ್ ಎಂಬ ಹೆಸರು ಹೊಸತಲ್ಲ. ಸ್ಕಾಟ್ಲೆಂಡಿನ ಆ ಕೋಟೆಯ ಒಡತಿಯಾಗಿದ್ದ ಜಾನೆಟ್ ಡಗ್ಲಾಸ್‌ಳ ಕಥೆ ಮಾತ್ರ ಯಾವ ನಾಟಕಕ್ಕಿಂತಲೂ ದಾರುಣವಾದುದು. 1537ರ ಜುಲೈ 17ರಂದು ಎಡಿನ್‌ಬರೋ ಕೋಟೆಯ ಮುಂದಿನ ದಿಣ್ಣೆಯಲ್ಲಿ ಆಕೆಯನ್ನು ಸುಡಲಾಯಿತು. ದೊರೆ ಐದನೇ ಜೇಮ್ಸ್‌ಗೆ ವಿಷವಿಕ್ಕಲು ಸಂಚು ಹೂಡಿದಳು, ದೇಶಭ್ರಷ್ಟ ಸೋದರರೊಂದಿಗೆ ಸಂಪರ್ಕ ಇರಿಸಿಕೊಂಡಳು ಎಂಬುದು ಆರೋಪ.

ಆಕೆಯ ನಿಜವಾದ ಅಪರಾಧವೇನೆಂದು ತಿಳಿಯಲು ಅದಕ್ಕಿಂತ 24 ವರ್ಷ ಹಿಂದಕ್ಕೆ ಹೋಗಬೇಕು. 1513ರ ಫ್ಲಾಡೆನ್ ಯುದ್ಧದಲ್ಲಿ ನಾಲ್ಕನೇ ಜೇಮ್ಸ್ ಮಡಿದಾಗ ಅವನ ಮಗ ಇನ್ನೂ ಹಸುಗೂಸು. ಜಾನೆಟ್‌ಳ ತಂದೆಯೂ ಅದೇ ರಣರಂಗದಲ್ಲಿ, ಅದೇ ದೊರೆಗಾಗಿ ಪ್ರಾಣ ಕೊಟ್ಟಿದ್ದ. ಮರುವರ್ಷ ವಿಧವೆ ರಾಣಿ ಮಾರ್ಗರೆಟ್, ಜಾನೆಟ್‌ಳ ಅಣ್ಣ ಆಂಗಸ್‌ನ ಅರ್ಲ್ ಆರ್ಚಿಬಾಲ್ಡ್‌ನನ್ನು ಮದುವೆಯಾದಳು. 1525ರಲ್ಲಿ ಸರದಿಯಂತೆ ಬಾಲದೊರೆಯ ಉಸ್ತುವಾರಿ ಈ ಮಲತಂದೆಗೆ ಬಂತು. ಅವಧಿ ಮುಗಿದರೂ ಆತ ಹುಡುಗನನ್ನು ಬಿಟ್ಟುಕೊಡಲಿಲ್ಲ. ಅವನ ಹೆಸರಿನಲ್ಲಿ ತಾನೇ ರಾಜ್ಯವಾಳಿದ. 1528ರಲ್ಲಿ ತಪ್ಪಿಸಿಕೊಂಡ ಹದಿನಾರರ ಜೇಮ್ಸ್, ಡಗ್ಲಾಸ್ ಮನೆತನದ ಮೇಲಿನ ದ್ವೇಷವನ್ನು ಜೀವನವಿಡೀ ಬಿಡಲಿಲ್ಲ.

ಆಂಗಸ್ ಇಂಗ್ಲೆಂಡಿಗೆ ಓಡಿದ. ಕೈಗೆ ಸಿಕ್ಕಿದವಳು ತಂಗಿ. 1528ರಲ್ಲೇ ಆಕೆ ಪತಿ ಲಾರ್ಡ್ ಗ್ಲಾಮ್ಸ್‌ನನ್ನು ಕಳಕೊಂಡಿದ್ದಳು. ಕೆಲವು ವರ್ಷಗಳ ಬಳಿಕ, ಗಂಡನಿಗೆ ವಿಷವಿಕ್ಕಿದವಳು ಆಕೆಯೇ ಎಂಬ ಆಪಾದನೆ ಹೊರಿಸಲಾಯಿತು. ಅದು ನಿಲ್ಲಲಿಲ್ಲ. 1537ರ ಆರೋಪ ನಿಂತಿತು. ಜೇಮ್ಸ್‌ನ ಎಳೆಯ ಪತ್ನಿ, ಫ್ರಾನ್ಸಿನ ರಾಜಕುಮಾರಿ ಮೆಡಲಿನ್ ತೀರಿಕೊಂಡು ಆಗ ಹತ್ತೇ ದಿನಗಳಾಗಿದ್ದವು. ಸರಿಯಾದ ಆಧಾರವಿಲ್ಲದೆ ಜಾನೆಟ್‌ಳನ್ನು ಶಿಕ್ಷಿಸಲಾಯಿತೆಂದು ಇಂಗ್ಲಿಷ್ ಅಧಿಕಾರಿಯೊಬ್ಬ ತನ್ನ ದೊರೆಗೆ ಬರೆದ. ಆತ ಎದುರಾಳಿ ರಾಜ್ಯದವನೆಂಬುದು ನಿಜ. ಆದರೆ ಮುಂದಿನ ಘಟನೆಗಳು ಅವನ ಮಾತಿಗೆ ಬಲ ಕೊಡುತ್ತವೆ.

ಆಕೆಯ ಎರಡನೇ ಪತಿ ಸೆರೆಯಿಂದ ಪಾರಾಗಲು ಹೋಗಿ ಎಡಿನ್‌ಬರೋ ಕೋಟೆಯ ಬಂಡೆಯಿಂದ ಬಿದ್ದು ಸತ್ತ. ಹದಿಹರೆಯದ ಮಗನಿಗೂ ಮರಣದಂಡನೆ ವಿಧಿಸಿ, ಪ್ರಾಯಕ್ಕೆ ಬರುವವರೆಗೆಂದು ಸೆರೆಯಲ್ಲಿಟ್ಟರು. ಗ್ಲಾಮ್ಸ್ ಕೋಟೆಯನ್ನು ಮುಟ್ಟುಗೋಲು ಹಾಕಿಕೊಂಡ ದೊರೆ ಅಲ್ಲಿಯೇ ದರ್ಬಾರು ನಡೆಸಿದ. 1542ರಲ್ಲಿ ಅವನು ಸತ್ತ ಮೇಲಷ್ಟೇ ಮಗನಿಗೆ ಬಿಡುಗಡೆಯೂ ಆಸ್ತಿಯೂ ಮರಳಿ ದೊರೆತವು.

ಅನ್ಯಾಯ ಅಲ್ಲಿಗೆ ಮುಗಿಯಲಿಲ್ಲ. ಆಕೆಯ ಮೇಲಿದ್ದುದು ರಾಜದ್ರೋಹದ ಆರೋಪ. ಸ್ಕಾಟ್ಲೆಂಡಿನ ಮಾಟವಿರೋಧಿ ಕಾನೂನು ಬಂದುದೇ 1563ರಲ್ಲಿ. ಆದರೂ ನಂತರದ ಬರಹಗಾರರು ಆಕೆಯನ್ನು ಮಾಟಗಾತಿ ಎಂದರು. ಜನರು ಕೋಟೆಯಲ್ಲಿ ಅಲೆಯುವ ಪ್ರೇತವಾಗಿಸಿದರು. ಆ ಕಾನೂನಿಗೆ ಬಲಿಯಾದವರ ಕ್ಷಮೆಯನ್ನು 2022ರಲ್ಲಿ ಸ್ಕಾಟ್ಲೆಂಡಿನ ಪ್ರಥಮ ಸಚಿವೆ ನಿಕೋಲಾ ಸ್ಟರ್ಜನ್ ಕೋರಿದರು. ಜಾನೆಟ್ ಆ ಲೆಕ್ಕಕ್ಕೂ ಸೇರುವುದಿಲ್ಲ.

ಮಾಟಗಾತಿ ಎಂಬ ಕಥೆ ಒಂದು ದೊಡ್ಡ ಉಪಕಾರ ಮಾಡಿತು, ಆದರೆ ಜಾನೆಟ್‌ಗಲ್ಲ, ದೊರೆಗೆ. ತಪ್ಪೆಲ್ಲ ಆ ಕಾಲದ ಮೂಢನಂಬಿಕೆಯದಾಯಿತು. ಸಿಂಹಾಸನದ ಸೇಡು ಮರೆಗೆ ಸರಿಯಿತು. ಅಣ್ಣನ ತಪ್ಪಿಗೆ ತಂಗಿಯನ್ನು, ತಾಯಿಯ ಹೆಸರಿನಲ್ಲಿ ಮಗನನ್ನು ದಂಡಿಸುವುದಕ್ಕೆ ಮೂಢನಂಬಿಕೆಯ ಅಗತ್ಯವಿಲ್ಲ. ಅಧಿಕಾರ ಮತ್ತು ಅದಕ್ಕೆ ತಲೆಬಾಗುವ ನ್ಯಾಯಾಲಯ ಇದ್ದರೆ ಸಾಕು.